ಏನ ಮಹಾ!

ಕಳೆದ ವಾರ ನಾನು ಕಲಿಸುವ ಜಮಖಂಡಿಯ ಶಾಲೆಗೆ ಒಬ್ಬ ಹುಡುಗಿ ಹೊಸ ರಿಬ್ಬನ್ನು ಕಟ್ಟಿಕೊಂಡು ಬಂದಿದ್ದಳು. ಹಳದಿ ಬಣ್ಣದ್ದು, ಅಂಚಿಗೆ ಜರಿ ಇದ್ದದ್ದು. ಅವಳ ಅಣ್ಣ ಪುಣೆಯಿಂದ ತಂದದ್ದಂತೆ. ವರ್ಗದ ಹುಡುಗಿಯರೆಲ್ಲ ಅವಳನ್ನು ಸುತ್ತುವರಿದು ಆ ರಿಬ್ಬನ್ನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಏಳಲಿಲ್ಲ. ಕುಳಿತಲ್ಲಿಂದಲೇ ಕೆಳತುಟಿಯನ್ನು ತುಸು ಮುಂದೆ ಚಾಚಿ, "ಏನ ಮಹಾ!" ಎಂದಳು.

ಗದರಿಸುವುದು ನನ್ನ ಕರ್ತವ್ಯವಾಗಿತ್ತು. ಗದರಿಸಲಿಲ್ಲ. ಫಲಕದ ಮೇಲೆ ಅರ್ಧ ಬರೆದ ವಾಕ್ಯವನ್ನು ಪೂರ್ತಿ ಮಾಡಿ, ಕೈಗೆ ಅಂಟಿದ ಸೀಮೆಸುಣ್ಣವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡೆ. ಆ ಎರಡು ಶಬ್ದಗಳು ಕಿವಿಗೆ ಬಿದ್ದಾಗಲೆಲ್ಲ ನನಗೆ ಹೀಗಾಗುತ್ತದೆ. ಅವನ್ನು ನಾನು ನನ್ನ ಬಾಯಿಯಿಂದ ಆಡಿದ್ದು ಇದುವರೆಗೆ ಒಂದೇ ಒಂದು ಸಲ. ಆ ಒಂದು ಸಲದ ಬಗ್ಗೆ ಬರೆಯಬೇಕೆಂದೇ ಕುಳಿತಿದ್ದೇನೆ. ಆದರೆ ಅಲ್ಲಿಗೆ ನೇರವಾಗಿ ಹೋಗುವ ಧೈರ್ಯ ಇಲ್ಲದ್ದರಿಂದ ಸುತ್ತು ಹಾದಿಯಿಂದ ಹೋಗುತ್ತೇನೆ.

'ಮಹಾ' ಎಂಬುದು ಎಷ್ಟು ದೊಡ್ಡ ಮನೆತನದ ಶಬ್ದವೆಂದು ನಿಮಗೆ ಗೊತ್ತೇ ಇದೆ. ರಾಜನ ಮುಂದೆ ಬಂದು ನಿಂತರೆ ಅವನು ಮಹಾರಾಜನಾಗುತ್ತಾನೆ, ಋಷಿಯ ಮುಂದೆ ನಿಂತರೆ ಮಹರ್ಷಿ. ನವಮಿಗೂ ಅಮಾವಾಸ್ಯೆಗೂ ಅದು ತನ್ನ ಕೈಲಾದ ಉಪಕಾರ ಮಾಡಿದೆ. ಇಂಥ ಶಬ್ದವನ್ನು ನಮ್ಮ ಕಡೆಯವರು ಹಿಡಿದು ತಂದು, ಅದರ ಮುಂದೆ ಒಂದು 'ಏನ' ಇಟ್ಟು, ಇಡೀ ಸೀಮೆಯ ಸೊಕ್ಕು ಇಳಿಸುವ ಕೆಲಸಕ್ಕೆ ಹಚ್ಚಿದ್ದಾರೆ. ಧಾರವಾಡದಲ್ಲಿ ಓದುವಾಗ ಗ್ರಂಥಾಲಯದ ದೊಡ್ಡ ಶಬ್ದಕೋಶದಲ್ಲಿ ಈ ಬಳಕೆಯನ್ನು ಹುಡುಕಿದ್ದೆ. ದೊಡ್ಡದು, ಶ್ರೇಷ್ಠವಾದದ್ದು, ಪೂಜ್ಯವಾದದ್ದು ಎಂದೆಲ್ಲ ಇತ್ತು. ನಮ್ಮೂರು ಬನಹಟ್ಟಿಯ ಅರ್ಥಕ್ಕೆ ಒಂದು ಸಾಲೂ ಇರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡಬೇಕೆನಿಸಿತು. ಸರಕಾರಿ ಪುಸ್ತಕ, ಬರೆಯಲಿಲ್ಲ. ನಾನು ಬರೆಯದೆ ಬಿಟ್ಟ ಟಿಪ್ಪಣಿಗಳನ್ನು ಕೂಡಿಸಿದರೆ ಅದೇ ಒಂದು ಕೋಶವಾದೀತು.

ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ ದಿನ ಊರಲ್ಲಿ ಪೇಢೆ ಹಂಚಿದರು. ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕರು ಪೇಢೆಯನ್ನು ಬಾಯಿಗೆ ಹಾಕಿಕೊಂಡೇ, "ನಿನ್ನಿ ತನಕ ರಾಜರಿಗೆ ಕೈ ಮುಗದ್ವಿ, ನಾಳಿಂದ ಮುಂಬೈಗೆ ಮುಗಿಯೂದು. ಏನ ಮಹಾ ಆತು?" ಎಂದಿದ್ದರು. ಆಮೇಲೆ ಇನ್ನೊಂದು ಪೇಢೆಗೆ ಕೈ ಚಾಚಿದರು. ಈ ಇನ್ನೊಂದು ಪೇಢೆಯನ್ನು ದಯವಿಟ್ಟು ನೆನಪಿಡಿ.

ನಮ್ಮ ಅವ್ವನದೂ ಹಾಗೆಯೇ. ಎದುರುಮನೆಯವರು ಕೈಗೆ ಹೊಸ ಬಂಗಾರದ ಬಿಲ್ವಾರ ಮಾಡಿಸಿದಾಗ ಅವ್ವ, "ಏನ ಮಹಾ ಬಂಗಾರ! ಒಳಗ ಅರಗs ತುಂಬ್ಯಾರ," ಎಂದಳು. ಅದನ್ನು ಹೇಳುವಾಗ ತನ್ನ ಬರಿದಾದ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅಪ್ಪ ತೀರಿಕೊಂಡ ಮೇಲೆ ಅವಳು ತನಗೆಂದು ಏನನ್ನೂ ಕೇಳಿದವಳಲ್ಲ. ಕೇಳುವ ಜಾಗದಲ್ಲೆಲ್ಲ ಈ ಮಾತನ್ನಿಟ್ಟು ಮುಂದೆ ಹೋಗುತ್ತಿದ್ದಳು.

ಆದರೆ ಈ ಮಾತಿನ ನಿಜವಾದ ಪಂಡಿತರೆಂದರೆ ನಮ್ಮ ಕಾಕಾ, ಅಪ್ಪನ ತಮ್ಮ. ಬನಹಟ್ಟಿಯಲ್ಲಿ ಸೀರೆಯ ವ್ಯಾಪಾರ ಅವರದು. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಬಹಳ ವರ್ಷಗಳಾದವು, ಮಕ್ಕಳಿಲ್ಲ. ನನ್ನನ್ನು ಓದಿಸಿದವರು ಅವರೇ. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಬಾಗಿಲು. ಅಂಗಡಿಯಲ್ಲಿ ಗಾದಿ ಹಾಸಿ, ಲೋಡಿಗೆ ಒರಗಿ ಕಾಕಾ ಕುಳಿತರೆ ರಬಕವಿಯಿಂದಲೂ ಬನಹಟ್ಟಿಯ ಓಣಿಗಳಿಂದಲೂ ನೇಕಾರರು ತಾವು ನೇಯ್ದ ಸೀರೆಗಳನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬಾಗಿಲ ಹಿಂದೆ ಕುಳಿತು ಓದುವ ನೆಪದಲ್ಲಿ ನಾನು ಕೇಳಿದ ಮಾತುಗಳು ಯಾವ ಪಠ್ಯಪುಸ್ತಕಕ್ಕೂ ಕಡಿಮೆ ಇರಲಿಲ್ಲ.

ಅಲ್ಲಿ ಒಂದು ರೂಢಿಯಿತ್ತು. ಸೀರೆಯನ್ನು ಕೊಳ್ಳುವವನು ಮೊದಲು ಅದನ್ನು ಹೀಗಳೆಯಬೇಕು. ಮಲ್ಲಪ್ಪ ಎಂಬ ನೇಕಾರ ನಮ್ಮಲ್ಲಿಗೆ ಶನಿವಾರ ಶನಿವಾರ ತಪ್ಪದೆ ಬರುತ್ತಿದ್ದ. ಅವನು ಸೀರೆ ಬಿಚ್ಚಿ ಹಾಸಿದ ಕೂಡಲೇ ಕಾಕಾ ಒಂದೇ ಬೆರಳಿನಿಂದ ಅಂಚಿನ ದಡಿಯನ್ನು ಎತ್ತಿ, ಸತ್ತ ಇಲಿಯ ಬಾಲವನ್ನು ಎತ್ತಿದ ಹಾಗೆ ಮುಖ ಮಾಡಿ ಶುರು ಮಾಡುತ್ತಿದ್ದರು.

"ಏನ ಮಹಾ ನೇದಿಯೋ ಮಲ್ಲಪ್ಪಾ? ದಡಿ ನೋಡಿಲ್ಲೆ, ಹಾವು ಹರದಂಗ ಹೋಗೇತಿ."

"ದಡಿ ನೆಟ್ಟಗ ಐತ್ರಿ ಸಾವಕಾರ್ರ. ನೀವು ಸೊಟ್ಟ ಕುಂತೀರಿ."

"ಸೆರಗ ನೋಡಿದ್ರ ಜ್ವರ ಬಂದಾಂವ ನೇದಂಗ ಐತಿ. ಒಯ್ಯಿ, ಒಯ್ಯಿ."

"ಒಯ್ತೀನ್ರಿ. ಇಂಥಾ ಸೀರಿ ನಿಮ್ಮ ಗಾದಿ ಮ್ಯಾಲ ಬಿಚ್ಚಿದ್ದ ತಪ್ಪಾತು."

ಮಲ್ಲಪ್ಪ ಸೀರೆಯನ್ನು ಮಡಚಿ, ಕಾಲ್ಮರಿ ಮೆಟ್ಟಿ, ಅಂಗಡಿಯ ಮೆಟ್ಟಿಲಿಳಿದು ಹೋಗುವನು. ಅಂಗಡಿಗೆ ತುಸು ದೂರದಲ್ಲಿ ಒಂದು ಬೇವಿನ ಗಿಡವಿದೆ. ಅಲ್ಲಿಯವರೆಗೆ ಹೋಗಿ, ತಲೆಯ ಪಟಗ ಸಡಿಲವಾಯಿತೆಂಬಂತೆ ನಿಂತು ಬಿಗಿದು ಸುತ್ತಿಕೊಳ್ಳುವನು. ಆಗ ಕಾಕಾ ಗಾದಿಯಿಂದಲೇ, "ಲೇ ಮಲ್ಲ್ಯಾ, ಬಾರಲೇ ಇಲ್ಲೆ!" ಎಂದು ಕೂಗುವರು. ಅವನು ಮರಳಿ ಬರುವನು. ಆಮೇಲೆ ನಿಜವಾದ ಮಾತುಕತೆ, ಚಹಾ, ಮನೆಯವರ ಕ್ಷೇಮಸಮಾಚಾರ. ಇಬ್ಬರಲ್ಲಿ ಯಾರಿಗೂ ಬೇಸರವಿಲ್ಲ.

ಬೇಡವಾದ ಸೀರೆಗೆ ಈ ಮರ್ಯಾದೆ ಇಲ್ಲ. ಕಾಕಾ ಅದನ್ನು ಬೈಯುತ್ತಲೇ ಇರಲಿಲ್ಲ. "ಛಲೋ ನೇದಿಯಪಾ. ಭಾಳ ಛಲೋ ಐತಿ," ಎಂದು ಎರಡೂ ಕೈಯಿಂದ ಎತ್ತಿ ಮರಳಿ ಕೊಡುತ್ತಿದ್ದರು. ಆ ಹೊಗಳಿಕೆ ಕೇಳಿದ ನೇಕಾರನ ಮುಖ ಇಳಿದುಹೋಗುತ್ತಿತ್ತು. ಅವನು ಬೇವಿನ ಗಿಡದ ಹತ್ತಿರ ನಿಲ್ಲದೆ ಹಾಗೆಯೇ ಮುಂದೆ ನಡೆದುಬಿಡುತ್ತಿದ್ದ. ಒಮ್ಮೆ ಮಲ್ಲಪ್ಪನ ಸೀರೆಗೇ ಈ ಗತಿ ಬಂದಾಗ ಅವನು ಅಳುಮುಖ ಮಾಡಿ, "ಸಾವಕಾರ್ರ, ಒಂದೀಟು ಬೈರಿ," ಎಂದು ಬೇಡಿಕೊಂಡಿದ್ದ. ನಾನು ಬಾಗಿಲ ಹಿಂದೆ ಪುಸ್ತಕದಲ್ಲಿ ಮುಖ ಮುಚ್ಚಿ ನಕ್ಕಿದ್ದೆ. ಆಗ ನನಗೆ ನಗುವ ವಯಸ್ಸು.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ.

ಮುಧೋಳದಿಂದ ನನಗೊಂದು ಸಂಬಂಧ ಬಂತು. ವರನಾಗುವವರು ಅಪರಿಚಿತರಲ್ಲ. ಧಾರವಾಡದಲ್ಲಿ ನನಗಿಂತ ಮುಂದಿನ ವರ್ಗದಲ್ಲಿ ಓದುತ್ತಿದ್ದರು. ಒಂದು ಮಧ್ಯಾಹ್ನ ಗ್ರಂಥಾಲಯದ ಬಾಗಿಲಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ನಿಂತಾಗ, ಗಣಿತವೂ ಒಂದು ಭಾಷೆಯೇ ಎಂದು ಅವರೂ, ಹಾಗಾದರೆ ಅದರಲ್ಲಿ ಬೈಗುಳ ಯಾಕಿಲ್ಲ ಎಂದು ನಾನೂ ವಾದಿಸಿದ್ದೆವು. ಮಳೆ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ಅವರ ಹೆಸರನ್ನು ಬರೆಯುವುದಿಲ್ಲ. ಮುಧೋಳದ ಶಾಲೆಯೊಂದರಲ್ಲಿ ಅವರಿಗೆ ನೌಕರಿ ಸಿಕ್ಕ ಮೇಲೆ ಅವರ ಮನೆಯವರೇ ಮಾತು ಕಳಿಸಿದರು. ಅವ್ವ ನನ್ನನ್ನು ಏನೂ ಕೇಳಲಿಲ್ಲ. ಎರಡು ದಿನ ಮೊದಲೇ ಅವಲಕ್ಕಿ ಒಗ್ಗರಣೆಗೆ ಹೊಸ ಪುಠಾಣಿ ತರಿಸಿದಳು. ಅದರಿಂದ ನನ್ನ ಮನಸ್ಸು ಅವಳಿಗೆ ಗೊತ್ತಾಗಿದೆಯೆಂದು ನನಗೆ ಗೊತ್ತಾಯಿತು. ಕಾಕಾ ಕೂಡ ಆ ವಾರವೆಲ್ಲ ಮೀಸೆಯಲ್ಲೇ ನಗುತ್ತ ಓಡಾಡಿದರು. ಆ ಮದುವೆ ಆಗಲಿ ಎಂದು ನಮ್ಮ ಮನೆಯಲ್ಲಿ ಬಯಸದವರು ಯಾರೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಬಯಸಿದವಳು ಯಾರೆಂದು ಹೇಳುವ ಅಗತ್ಯವಿಲ್ಲ.

ಅವ್ವ ಮಾತ್ರ ಒಂದು ಸಲ ಎಚ್ಚರಿಕೆ ಕೊಟ್ಟಿದ್ದಳು. ಕಾಕಾ ಸಣ್ಣವರಿದ್ದಾಗಲೇ ಈ ಮನೆಗೆ ಸೊಸೆಯಾಗಿ ಬಂದು ಅವರನ್ನು ಎತ್ತಿ ಆಡಿಸಿದವಳು ಅವಳು. "ಶಿವಪ್ಪಾ, ಅಂಗಡಿ ಮಾತು ಮನ್ಯಾಗ ತರಬ್ಯಾಡಪಾ," ಎಂದಳು.

"ನನಗಷ್ಟು ತಿಳಿಯೂದಿಲ್ಲೇನ್ರಿ ವೈನಿ?" ಎಂದರು ಕಾಕಾ ತಮ್ಮ ಅತ್ತಿಗೆಗೆ.

ತಿಳಿಯುತ್ತಿತ್ತು. ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ, ರೂಢಿ ಇರುವುದು ನಾಲಗೆಯಲ್ಲಿ.

ತಂದೆ ಮಗ ಇಬ್ಬರೇ ಬಂದು ಅಂಗಡಿಯ ಗಾದಿಯ ಮೇಲೇ ಕುಳಿತರು. ತಂದೆ ನಿವೃತ್ತ ಮಾಸ್ತರರು. ತೊಳೆದು ತೊಳೆದು ತೆಳುವಾದ ಕೋಟು, ತಲೆಗೆ ಕರಿ ಟೊಪ್ಪಿಗೆ. ನಾನು ಅವಲಕ್ಕಿಯ ತಾಟುಗಳನ್ನು ಇಟ್ಟು, ಕೇಳಿದ ಪ್ರಶ್ನೆಗೆ ಉತ್ತರ ಹೇಳಿ, ಒಳಗೆ ಬಂದು ಅದೇ ಬಾಗಿಲ ಹಿಂದೆ ನಿಂತೆ. ಅಂದು ಕೈಯಲ್ಲಿ ಪುಸ್ತಕದ ನೆಪವೂ ಇರಲಿಲ್ಲ.

"ಹುಡುಗ ಗಣಿತ ಕಲಿಸ್ತಾನ್ರಿ," ಎಂದರು ಮಾಸ್ತರರು. ದನಿಯಲ್ಲಿ ತುಸು ಹೆಮ್ಮೆ ಇತ್ತು. ತಮ್ಮದೇ ಸ್ವಂತದ್ದನ್ನು ಬಿಚ್ಚಿ ಹಾಸುವವರ ಹೆಮ್ಮೆ. "ಶಾಲಿಯಾಗ ಹೆಸರ ಛಲೋ ಐತಿ."

ನಮ್ಮ ಕಾಕಾ ಆಗ ತೊಡೆಯ ಮೇಲಿದ್ದ ಹೆಗಲ ವಲ್ಲಿಯ ಅಂಚನ್ನು ಒಂದೇ ಬೆರಳಿನಿಂದ ಎತ್ತಿದರು. ಅದನ್ನು ಬಾಗಿಲ ಸಂದಿಯಿಂದ ಕಂಡಾಗಲೇ ಮುಂದೆ ಬರುವ ಮಾತು ಯಾವುದೆಂದು ನನಗೆ ತಿಳಿಯಿತು.

"ಮಾಸ್ತರಕಿ," ಎಂದರು ಕಾಕಾ. "ಏನ ಮಹಾ ಆತ್ರಿ ಅದು?"

ನನಗೆ ಆ ದನಿ ಗೊತ್ತಿತ್ತು. ಬಹಳ ಮನಸ್ಸಿಗೆ ಬಂದ ಸೀರೆಗೆ ಮಾತ್ರ ಅವರು ಅಷ್ಟು ಸಾವಕಾಶವಾಗಿ ಬೈಯುತ್ತಿದ್ದರು. ಗಾದಿಯ ಎದುರಿಗೆ ಮಲ್ಲಪ್ಪನಿದ್ದಿದ್ದರೆ, ನಿಮ್ಮ ಸಾವಕಾರಕಿ ಏನ ಮಹಾ ಎಂದು ತಿರುಗಿ ಕೊಟ್ಟು, ಚಹಾ ಬರುವುದರೊಳಗೆ ಲಗ್ನದ ತಿಥಿ ಗೊತ್ತಾಗುತ್ತಿತ್ತು. ಎದುರಿಗಿದ್ದವರು ಮಾಸ್ತರರು. ಕೈಯಲ್ಲಿದ್ದ ತಾಟನ್ನು ಸಪ್ಪಳವಾಗದಂತೆ ಕೆಳಗಿಟ್ಟು ಅವರು ಹೇಳಿದರು:

"ಮಹಾ ಅಂಥಾದ್ದೇನಿಲ್ರಿ. ನಾನೂ ಜೀವಮಾನ ಅದನ್ನ ಮಾಡೀನಿ."

ಆಮೇಲೆ, "ಮೋಟಾರಿನ ಹೊತ್ತಾತು," ಎಂದು ಎದ್ದರು. ಮಗನೂ ಏಳಬೇಕಾಯಿತು.

ಕಾಕಾ ಗಾಬರಿಯಾಗಲಿಲ್ಲ. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಬಂದವರು ಮೆಟ್ಟಿಲಿಳಿದದ್ದೂ ಸರಿ, ಬೇವಿನ ಗಿಡದ ಕಡೆಗೆ ನಡೆದದ್ದೂ ಸರಿ. ಆದರೆ ಮಾಸ್ತರರು ಗಿಡದ ಹತ್ತಿರ ನಿಲ್ಲಲಿಲ್ಲ. ಮಗ ಮಾತ್ರ ಒಂದು ಗಳಿಗೆ ನಿಂತು ಹಿಂದೆ ತಿರುಗಿ ನೋಡಿದರು. ಅವರಿಗೆ ನಮ್ಮ ಅಂಗಡಿಯ ರೂಢಿ ಗೊತ್ತಿರಲಿಲ್ಲ; ಸುಮ್ಮನೆ ನಿಂತರು, ಸುಮ್ಮನೆ ನೋಡಿದರು. ಒಳಗೆ ನನ್ನ ಮನಸ್ಸು, ಕರೆಯಿರಿ ಕಾಕಾ, ಈಗ ಕರೆಯಿರಿ, ಎನ್ನುತ್ತಿತ್ತು. ಕಾಕಾ ಕರೆಯಲೆಂದು ಬಾಯಿ ತೆರೆದದ್ದೂ ನಿಜ. ತೆರೆದ ಬಾಯಿ ತೆರೆದೇ ಉಳಿಯಿತು. ಆ ಗಿಡದ ಹತ್ತಿರ ನಿಂತವರನ್ನು ಅವರು ಜೀವಮಾನವಿಡೀ 'ಬಾರಲೇ' ಎಂದು ಕರೆದವರು. ಬೀಗರಾಗುವವರನ್ನು ಹಾಗೆ ಕರೆಯಲು ಬರುತ್ತದೆಯೇ? ಮರ್ಯಾದೆಯ ಮಾತನ್ನು ಜೋಡಿಸಿಕೊಳ್ಳುವುದರೊಳಗೆ ಅವರಿಬ್ಬರೂ ಓಣಿಯ ತಿರುವು ದಾಟಿದ್ದರು. ಯಾವಾಗಲೂ ತಡವಾಗಿ ಬರುವ ಮುಧೋಳದ ಮೋಟಾರು ಅಂದು ಹೊತ್ತಿಗೆ ಸರಿಯಾಗಿ ಬಂದಿತಂತೆ.

"ಏನ ಮಾಡಿದ್ಯೋ ಶಿವಪ್ಪಾ!" ಎಂದು ಅವ್ವ ಹಣೆಗೆ ಕೈ ಹಚ್ಚಿಕೊಂಡಳು.

"ಬರ್ತಾರ್ರಿ ವೈನಿ. ಮುಂದಿನ ಶನಿವಾರ ನೋಡ್ರಿ, ತಾವ ಬರ್ತಾರ."

ನೇಕಾರರು ಬರುತ್ತಿದ್ದರು. ಮಾಸ್ತರರು ಬರಲಿಲ್ಲ. ಎಷ್ಟೋ ಶನಿವಾರ ಕಳೆದ ಮೇಲೆ ಅವ್ವನ ಮುಖ ನೋಡಲಾರದೆ ಕಾಕಾ ಧೋತರ ಬದಲಿಸಿ, ಹೊಸ ರುಮಾಲು ಸುತ್ತಿ, ತಾವೇ ಮುಧೋಳಕ್ಕೆ ಹೋದರು. ಸಂಜೆ ಮರಳಿ ಬಂದು ಕಟ್ಟೆಯ ಮೇಲೆ ಕುಳಿತವರು ಕಾಲು ತೊಳೆಯಲು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಏನಂದ್ರೋ?" ಎಂದಳು ಅವ್ವ.

"ಮುಗೀತ್ರಿ ವೈನಿ. ಹುಡುಗಿ ಭಾಳ ಛಲೋ ಅಂದ್ರು. ಇಂಥಾ ಹುಡುಗಿ ಎಲ್ಲೂ ಸಿಗೂದಿಲ್ಲ ಅಂದ್ರು."

"ಅಯ್ಯ, ಛಲೋ ಅಂದ್ರ ಒಳ್ಳೇದಾತಲ್ಲೋ!"

"ಎರಡೂ ಕೈಲೆ ಫಳಾರದ ತಾಟು ಮುಂದ ಮಾಡಿ ಅಂದ್ರು," ಎಂದರು ಕಾಕಾ. ಅದಕ್ಕಿಂತ ಹೆಚ್ಚು ವಿವರಿಸುವುದೇನಿದೆ ಎಂಬಂತಿತ್ತು ಅವರ ಮುಖ. ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು, ಕೈ ಮುಗಿದು, ಎದ್ದು ಬಂದುಬಿಟ್ಟಿದ್ದರು.

ಅವ್ವ ಅವರನ್ನು ಮತ್ತೆ ಕಳಿಸಲು ನೋಡಿದಳು. ಅವರು ಕೇಳಲಿಲ್ಲ. ಮೂವತ್ತು ನಲವತ್ತು ವರ್ಷ ಗಾದಿಯ ಮೇಲೆ ಕುಳಿತ ಕಿವಿ ಅದು. ಹೊಗಳಿಕೆ ಕೇಳಿಸಿದರೆ ಇನ್ನು ಎದ್ದು ಹೋಗಬೇಕೆಂದು ಅದಕ್ಕೆ ಗೊತ್ತು. ನನ್ನನ್ನು ಕೇಳಿದರೆ? ನನ್ನನ್ನು ಯಾರೂ ಕೇಳಲಿಲ್ಲ. ಅಂಥದ್ದನ್ನು ಹುಡುಗಿಯರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ನಾನು ಜಮಖಂಡಿಗೆ ಬಂದು ಕೆಲಸಕ್ಕೆ ಸೇರಿಕೊಂಡೆ. ಫಲಕದ ಮೇಲೆ ಅಕ್ಷರ ದುಂಡಗೆ ಬರೆಯುತ್ತೇನೆಂದು ಎಲ್ಲರೂ ಹೇಳುತ್ತಾರೆ.

ಆಮೇಲೆ ಅಂಗಡಿಯಲ್ಲಿ ಒಂದು ವಿಚಿತ್ರವಾಯಿತು. ಕಾಕಾರ ಬಾಯಲ್ಲಿ ಆ ಮಾತು ಬರದಾಯಿತು. ಮಲ್ಲಪ್ಪ ಸೀರೆ ಬಿಚ್ಚಿದರೆ ಸುಮ್ಮನೆ ನೋಡಿ, ಕೇಳಿದಷ್ಟು ಕೊಟ್ಟುಬಿಡುತ್ತಿದ್ದರು. ಇದರಿಂದ ಮಲ್ಲಪ್ಪನಿಗೆ ಸಂತೋಷವಾಯಿತೆಂದು ನೀವು ತಿಳಿದರೆ ನಿಮಗೆ ಬನಹಟ್ಟಿ ಗೊತ್ತಿಲ್ಲ. ಅವನು ಒಂದು ರವಿವಾರ ನಾನು ಊರಿಗೆ ಬಂದದ್ದನ್ನು ನೋಡಿ ಹಿತ್ತಲ ಬಾಗಿಲಿಗೇ ಬಂದ.

"ತಂಗೀ, ಸಾವಕಾರ್ರಿಗೆ ಏನಾಗೇತ್ಯವಾ? ದಡಿ ನೋಡೂದಿಲ್ಲ, ಸೆರಗ ನೋಡೂದಿಲ್ಲ. ಬೈಯೂದs ಬಿಟ್ಟಾರ. ನನ್ನ ಕೈ ಕೆಟ್ಟೇತೇನೋ ಅನಸ್ತೈತಿ. ಮಗ್ಗದ ಮುಂದ ಕುಂತ್ರ ಉಮೇದ ಇಲ್ಲ."

"ನಿನ್ನ ಕೈ ಛಲೋ ಐತಿ ಮಲ್ಲಪ್ಪಣ್ಣಾ," ಎಂದೆ ನಾನು.

ಅವನ ಮುಖ ಇನ್ನಷ್ಟು ಇಳಿದುಹೋಯಿತು.

ಮತ್ತೊಂದು ರವಿವಾರ. ಮಧ್ಯಾಹ್ನ ಊಟವಾದ ಮೇಲೆ ಕಾಕಾ ನನ್ನನ್ನು ಅಂಗಡಿಗೆ ಕರೆದರು. ಗಾದಿಯ ಮೇಲೆ ಒಂದು ಕೆಂಪು ದಡಿಯ ಸೀರೆ ಬಿಚ್ಚಿ ಬಿದ್ದಿತ್ತು. ಅದನ್ನು ಮಡಚುತ್ತಿದ್ದರು; ಮಡಿಕೆ ಕೂಡುತ್ತಿರಲಿಲ್ಲ. ಜೀವಮಾನವಿಡೀ ಸೀರೆ ಮಡಚಿದವರ ಕೈಯಲ್ಲಿ ಮಡಿಕೆ ತಪ್ಪುವುದನ್ನು ನಾನು ಅಂದೇ ಮೊದಲು ನೋಡಿದ್ದು. ಸೀರೆಯ ಕಡೆಗೇ ನೋಡುತ್ತ ಹೇಳಿದರು.

"ನಿನ್ನೆ ಪ್ಯಾಟ್ಯಾಗ ಮುಧೋಳದ ಮಾಸ್ತರ ಭೆಟ್ಟಿಯಾಗಿದ್ರು."

ನಾನು ಗಾದಿಯ ಅಂಚಿಗೆ ಕುಳಿತೆ.

"ಆವತ್ತು ಉಪ್ಪಿಟ್ಟು ಬಿಟ್ಟು ಯಾಕ ಎದ್ರಿ ಅಂತ ಕೇಳಿದ್ರು. ಛಲೋ ಹುಡುಗಿ ಅಂದಿದ್ದು ಖರೇನ ಅಂದಿದ್ರಂತವಾ. ಮೊದಲಿನ ಮಾತು ಮರತು, ನನ್ನ ಬಾಯಿಂದ ಒಂದು ಹೂಂ ಬರ್ಲಿ ಅಂತ ಕುಂತಿದ್ರಂತ. ನಾ ಎದ್ದ ಬಂದೆ. ಸಾವಕಾರರಿಗೆ ನಾವು ಪಸಂದ ಇಲ್ಲ ಅಂತ ಅವರು ತಿಳಕೊಂಡ್ರು."

ಸೀರೆಯ ತುದಿ ಅವರ ಕೈಯಿಂದ ಜಾರಿತು. ಮತ್ತೆ ಎತ್ತಿಕೊಂಡರು.

"ಹೋದ ತಿಂಗಳ ಲಗ್ನ ಆತಂತ. ಬೀಳಗಿ ಕಡೀ ಹುಡುಗಿ."

ಹೊರಗೆ ಬಿಸಿಲಿತ್ತು. ಯಾವುದೋ ಮನೆಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಹೇಳಲು ನನ್ನಲ್ಲಿ ಬೇಕಾದಷ್ಟು ಒಳ್ಳೆಯ ಮಾತುಗಳಿದ್ದವು. ಹೋಗಲಿ ಬಿಡಿ ಕಾಕಾ ಎನ್ನಬಹುದಿತ್ತು. ಎಲ್ಲ ಒಳ್ಳೆಯದಕ್ಕೇ ಎನ್ನಬಹುದಿತ್ತು. ಅವರಿಗೆ ಸಮಾಧಾನವಾಗುವ ಹಾಗೆ ಏನಾದರೂ ಅನ್ನಬೇಕೆಂದೇ ನಾನು ಬಾಯಿ ತೆರೆದೆ. ಎಂದೂ ಆಡದ ಮಾತು ಹೊರಗೆ ಬಂತು.

"ಬಿಡ್ರಿ ಕಾಕಾ," ಎಂದೆ. "ಒಬ್ಬ ಮಾಸ್ತರ. ಏನ ಮಹಾ!"

ಬೇರೆ ಯಾರ ಎದುರಿಗಾದರೂ ಈ ಮಾತು ಹೇಳಿದ್ದರೆ ನಡೆದುಹೋಗುತ್ತಿತ್ತು. ಓದಿದ ಹುಡುಗಿ, ಸ್ವಲ್ಪ ಸೊಕ್ಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ಆದರೆ ಎದುರಿಗಿದ್ದವರು ಕಾಕಾ. ಯಾವುದನ್ನು ಯಾವಾಗ ಹೀಗಳೆಯುತ್ತಾರೆಂದು ಆ ಓಣಿಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವರು ಸೀರೆಯನ್ನು ಬಿಟ್ಟು, ಮೊದಲ ಸಲ ನನ್ನ ಮುಖ ನೋಡಿದರು.

"ಅಷ್ಟು ಮಹಾ ಇತ್ತೇನವಾ?" ಎಂದರು.

ಆ ಹಿಂದಿನ ಸಾಲಿನ ಹುಡುಗಿಯನ್ನು ನಾನು ಯಾಕೆ ಗದರಿಸಲಿಲ್ಲವೆಂದು ಈಗ ನಿಮಗೆ ತಿಳಿದಿರಬಹುದು. ಶಾಲೆ ಬಿಟ್ಟ ಮೇಲೆ ಅವಳನ್ನು ಕರೆದು, ನಿನಗೂ ಹಳದಿಯದೇ ಬೇಕೇನು ಎಂದು ಕೇಳಿದೆ. ಮೊದಲು ಇಲ್ಲವೆಂದು ತಲೆಯಾಡಿಸಿ, ಆಮೇಲೆ, "ಹಸರಂದು," ಎಂದಳು. ಅಷ್ಟು ಹೇಳಲು ಬಂದರೆ ಸಾಕು. ರಿಬ್ಬನ್ನಿಗೆ ಉಪಾಯವಿದೆ.

ಆ ಮಧ್ಯಾಹ್ನ ಅಂಗಡಿಯಲ್ಲಿ ನಾನು ಸೀರೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ. ಕಾಕಾ ತಮ್ಮ ತುದಿಯನ್ನು ಹಿಡಿದರು. ಇಬ್ಬರೂ ಎಳೆದು ಹಿಡಿದು, ಹತ್ತಿರ ಬಂದು, ದಡಿಗೆ ದಡಿ ಕೂಡಿಸಿ ಮಡಚಿದೆವು. ಸೀರೆ ಮಲ್ಲಪ್ಪನದು. ದಡಿ ನೆಟ್ಟಗೇ ಇತ್ತು.